ಕಂಪ್ಯೂಟರ್ ಮೇಷ್ಟರೂ ದುಡಿಯುವವರೇ

ಮಿಲ್ಲಿನ ಸೈರನ್ ಕೂಗಿತೆಂದರೆ ಪಾಳಿ ಮುಗಿಯಿತು. ಕಾರ್ಮಿಕನು ಕೈತೊಳೆದು ಮನೆಯ ದಾರಿ ಹಿಡಿಯುತ್ತಾನೆ. ಅಂಗಡಿಯವನೂ ರಾತ್ರಿ ಲೆಕ್ಕ ಮುಗಿಸಿ ಬಾಗಿಲೆಳೆದನೆಂದರೆ ಬೆಳಗಿನವರೆಗೆ ಅವನು ಮನೆಯವರ ಪಾಲು. ಆದರೆ ಸೈರನ್ನೂ ಇಲ್ಲದ, ಬೀಗವೂ ಇಲ್ಲದ ದುಡಿಮೆಯೊಂದು ನಮ್ಮ ಪಟ್ಟಣದಲ್ಲಿಯೇ ಇದೆ. ನಿಮ್ಮ ಮಕ್ಕಳಿಗೆ ಆರು, ಏಳು, ಎಂಟನೆಯ ತರಗತಿಗಳಲ್ಲಿ ಕಂಪ್ಯೂಟರ್ ಕಲಿಸುವ ಉಪಾಧ್ಯಾಯರ ದುಡಿಮೆ ಅದು. ಈ ವಾರ ಅದರ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಕಳೆದ ವಾರ ಸದಸ್ಯತ್ವದ ಕೆಲಸಕ್ಕಾಗಿ ತಿರುಗುತ್ತಿದ್ದಾಗ ಒಂದು ಸರಕಾರಿ ಶಾಲೆಯ ಬಾಗಿಲಲ್ಲಿ ನಿಂತೆವು. ಅಲ್ಲಿನ ಉಪಾಧ್ಯಾಯಿನಿ ವಿಜ್ಞಾನ ಕಲಿಸಲು ಬಂದವರು. ಕಂಪ್ಯೂಟರ್ ಕೊಠಡಿಯ ಬೀಗದ ಕೈಯೂ ಅವರ ಸೆರಗಿಗೇ ಬಿದ್ದಿದೆ. ಹತ್ತು ಯಂತ್ರಗಳಲ್ಲಿ ನಾಲ್ಕು ಮಾತ್ರ ಏಳುತ್ತವೆ. ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿದೆ. ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಸಂಜೆ ಮಕ್ಕಳ ಮಾಹಿತಿಯನ್ನು ಆನ್‌ಲೈನಿನಲ್ಲಿ ತುಂಬುವ ಕೆಲಸವೂ ‘ನಿಮಗೆ ಕಂಪ್ಯೂಟರ್ ಬರುತ್ತದಲ್ಲ’ ಎಂಬ ಕಾರಣಕ್ಕೆ ಅವರದೇ. ರಾತ್ರಿ ಹತ್ತಕ್ಕೂ ಮೊಬೈಲಿನಲ್ಲಿ ‘ತುರ್ತು’ ಎಂಬ ಸಂದೇಶ. “ಮೊದಮೊದಲು ಮಕ್ಕಳ ಸಂತೋಷ ನೋಡಿ ದಣಿವೇ ಗೊತ್ತಾಗ್ತಿರಲಿಲ್ಲ ಮೇಷ್ಟ್ರೇ. ಈಗ ಆ ಕೊಠಡಿ ಬೀಗ ತೆಗೆಯೋಕೇ ಕೈ ಬರೋದಿಲ್ಲ. ಈ ಜವಾಬ್ದಾರಿ ಬೇಡ ಅಂತ ಬರೆದು ಕೊಡೋಣ ಅಂತಿದೀನಿ” ಎಂದರು.

ನಮಗೆ ಈ ಮಾತು ಹೊಸದಲ್ಲ. ನಾವೂ ಒಂದು ಸಣ್ಣ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದು ಬಂದವರೇ. ಪಕ್ಷದ ಕರೆ ನಮ್ಮನ್ನು ಹೊರಗೆ ತಂದಿತೆಂದು ಸಭೆಗಳಲ್ಲಿ ಹೇಳುವುದುಂಟು. ದಣಿವೂ ತಂದಿತೆಂಬುದನ್ನು ಇಂದು ಒಪ್ಪಿಕೊಳ್ಳುತ್ತೇವೆ.

ಇಂತಹ ಉಪಾಧ್ಯಾಯರನ್ನು ಕಂಡು ಮೇಲಿನವರು ‘ಉತ್ಸಾಹ ಕುಂದಿದೆ, ಒಂದು ಭಾಷಣ ಏರ್ಪಡಿಸೋಣ’ ಎನ್ನುತ್ತಾರೆ. ನೂಲುವ ಖಾತೆಯಲ್ಲಿ ಎಳೆ ಪದೇ ಪದೇ ಕಡಿಯುತ್ತಿದ್ದರೆ ಬಲ್ಲವನು ಏನು ಮಾಡುತ್ತಾನೆ? ಹತ್ತಿ ಹೇಗಿದೆ, ಗಾಳಿಯಲ್ಲಿ ತೇವ ಸಾಲದೇ, ಯಂತ್ರದ ವೇಗ ಹೆಚ್ಚಾಯಿತೇ ಎಂದು ನೋಡುತ್ತಾನೆ. ಎಳೆಗೆ ಉಪದೇಶ ಮಾಡುವುದಿಲ್ಲ. ಉಪಾಧ್ಯಾಯರ ಉತ್ಸಾಹವೂ ಅಂತಹುದೇ ಒಂದು ಎಳೆ.

ಕಾರಣಗಳನ್ನು ನೋಡೋಣ. 2016ರಲ್ಲಿ ಕೇಂದ್ರದ ನೀತಿ ಆಯೋಗವು ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯನ್ನು ಆರಂಭಿಸಿ, ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇದೇ ವಯಸ್ಸಿನ ಮಕ್ಕಳಿಗೆ ಕೋಡಿಂಗ್ ಚಟುವಟಿಕೆ ಬರಲಿ ಎಂದಿತು. ಒಳ್ಳೆಯದೇ. ಆದರೆ ಸರಕಾರದ ಅಂಕಿಅಂಶಗಳ ಪ್ರಕಾರವೇ 2023-24ರಲ್ಲಿ ದೇಶದ ಶಾಲೆಗಳಲ್ಲಿ ನಡೆಯುವ ಸ್ಥಿತಿಯ ಕಂಪ್ಯೂಟರ್ ಇದ್ದುದು ನೂರಕ್ಕೆ ಸುಮಾರು 57ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಈ ತರಗತಿಗಳಿಗೆ ವಿಜ್ಞಾನ-ಗಣಿತ, ಸಮಾಜ, ಭಾಷೆಗಳಿಗೆ ಉಪಾಧ್ಯಾಯರಿರಬೇಕೆಂದು ಹೆಸರಿಸಿ ಹೇಳಿತು. ಕಂಪ್ಯೂಟರಿನ ಹೆಸರು ಅದರಲ್ಲಿಲ್ಲ. ವಿಷಯ ಬಂತು, ಯಂತ್ರ ಬಂತು, ಆಳು ಬರಲಿಲ್ಲ. ಇದ್ದವರ ಹೆಗಲಿಗೇ ನೊಗ ಬಿತ್ತು.

ಇನ್ನು ಹೊತ್ತಿನ ಲೆಕ್ಕ. 1948ರ ಕಾರ್ಖಾನೆ ಕಾಯ್ದೆಯು ಕಾರ್ಮಿಕನ ವಾರಕ್ಕೆ 48 ಗಂಟೆಗಳ ಗೆರೆ ಎಳೆಯಿತು. ಹೋರಾಡದೆ ಬಂದ ಗೆರೆಯಲ್ಲ ಅದು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಉಪಾಧ್ಯಾಯರಿಗೆ ಪಾಠದ ಸಿದ್ಧತೆ ಸೇರಿ ವಾರಕ್ಕೆ ಕನಿಷ್ಠ 45 ಗಂಟೆ ಎಂದಿದೆ. ಅದರ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಣಕ್ಕೆ ಸೇರದ ಕೆಲಸಕ್ಕೆ ಉಪಾಧ್ಯಾಯರನ್ನು ಹಚ್ಚಬಾರದೆಂದಿದೆ. ಮೊಬೈಲ್ ಬಂದು ಈ ಗೆರೆಯನ್ನು ಸದ್ದಿಲ್ಲದೆ ಅಳಿಸಿಹಾಕಿತು. ಫ್ರಾನ್ಸಿನಲ್ಲಿ 2017ರ ಜನವರಿಯಿಂದ ದೊಡ್ಡ ಸಂಸ್ಥೆಗಳು ಕೆಲಸದ ಹೊತ್ತು ಮುಗಿದ ಮೇಲೆ ನೌಕರರು ಫೋನಿನಿಂದ ದೂರವಿರುವ ಹಕ್ಕಿನ ಬಗ್ಗೆ ಅವರ ಪ್ರತಿನಿಧಿಗಳೊಡನೆ ಮಾತುಕತೆ ನಡೆಸಬೇಕೆಂದು ಕಾನೂನೇ ಬಂದಿದೆ. ನಮ್ಮಲ್ಲಿ ಅದನ್ನು ಕೇಳುವುದು ಸೋಮಾರಿತನವೆಂದು ಯಾರೂ ಹೇಳಕೂಡದು.

ಉಪಾಧ್ಯಾಯ ಬಂಧುಗಳಿಗೆ ನಮ್ಮ ವಿನಂತಿ ಇಷ್ಟು. ನಾಲ್ಕು ಯಂತ್ರವಿದ್ದರೆ ನಾಲ್ಕರ ಪಾಠವನ್ನೇ ಹಾಕಿಕೊಳ್ಳಿ. ಅರ್ಧ ತರಗತಿ ಯಂತ್ರದ ಮುಂದೆ ಸರದಿಯಲ್ಲಿ ಕನ್ನಡ ಬೆರಳಚ್ಚು ಮಾಡಲಿ, ಇನ್ನರ್ಧ ಕಾಗದದ ಮೇಲೆ ಕ್ರಮ ಬರೆಯಲಿ. ಚಹಾ ಕಾಸುವುದು ಹೇಗೆಂದು ಒಂದು ಹೆಜ್ಜೆಯೂ ತಪ್ಪದಂತೆ ಬರೆಯುವುದು, ಚುಕ್ಕಿ ರಂಗೋಲಿಯನ್ನು ನೋಡದವನಿಗೆ ಬರಿಯ ಮಾತಿನಲ್ಲಿ ಹೇಳಿ ಬಿಡಿಸುವುದು, ಇವೆಲ್ಲ ಕಂಪ್ಯೂಟರಿಗೆ ಆಜ್ಞೆ ಕೊಡುವ ವಿದ್ಯೆಯೇ. ಇದಕ್ಕೆ ವಿದ್ಯುತ್ತೂ ಬೇಡ. ಫೋನಿನ ವಿಷಯದಲ್ಲಿ ಹುಡುಗರು ನಿಮಗಿಂತ ಮುಂದಿದ್ದರೆ ನಾಚಬೇಡಿ. ‘ನನಗೂ ಗೊತ್ತಿಲ್ಲ, ಸೇರಿ ನೋಡೋಣ’ ಎನ್ನುವ ಮೇಷ್ಟರನ್ನು ಮಕ್ಕಳು ಮರೆಯುವುದಿಲ್ಲ. ಯಂತ್ರ ಹಚ್ಚುವ, ಆರಿಸುವ, ಧೂಳು ಒರೆಸುವ ಕೆಲಸಕ್ಕೆ ವಾರಕ್ಕೊಂದು ಮಕ್ಕಳ ತಂಡ ಮಾಡಿ. ಕೆಟ್ಟದ್ದನ್ನೆಲ್ಲ ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಮನಸ್ಸಿನಲ್ಲಿಟ್ಟುಕೊಂಡ ದೂರು ನಿದ್ದೆ ಕೆಡಿಸುತ್ತದೆ, ಪುಸ್ತಕದಲ್ಲಿರುವ ದೂರು ಉತ್ತರ ಕೇಳುತ್ತದೆ. ಭಾನುವಾರ ನಿಮ್ಮ ಮನೆಯವರದಾಗಿರಲಿ. ಬೇಸರವನ್ನು ಒಬ್ಬರೇ ನುಂಗದೆ, ನಿಮ್ಮಂತಹ ಇತರ ಉಪಾಧ್ಯಾಯರೊಡನೆ ತಿಂಗಳಿಗೊಮ್ಮೆಯಾದರೂ ಕೂತು ಮಾತನಾಡಿ. ಸಂಘವೆಂಬುದು ಹುಟ್ಟುವುದೇ ಅಂತಹ ಮಾತಿನಿಂದ.

ಈಗ ನಮ್ಮ ವಾಚಕರಿಗೆ. ಕಂಪ್ಯೂಟರ್ ದೊಡ್ಡವರ ವಿದ್ಯೆ, ನಮಗೇಕೆ ಎನ್ನಬೇಡಿ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಹೂವಿನ ವಿನ್ಯಾಸ ಹೇಳಿಕೊಟ್ಟ. ಆ ರಟ್ಟಿನ ಉಪಾಯವನ್ನೇ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ಪಡೆದ. ಕಂಪ್ಯೂಟರ್ ಹೀಗೆ ಮಗ್ಗದ ಮನೆತನಕ್ಕೆ ಸೇರಿದ್ದು. ನೇಯುವವರ ಮಕ್ಕಳು ಅದರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಿಯರೇ ಇರಬೇಕೆಂದು ಕಾಯ್ದೆ ಹೇಳುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವವರೂ ಅವರೇ. ಆ ಸಭೆಗೆ ನಿಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೀರಿ? ಬ್ಯಾಟರಿಯ ಖರ್ಚನ್ನು, ರಿಪೇರಿಯ ಖರ್ಚನ್ನು ಆ ಯೋಜನೆಯಲ್ಲಿ ಬರೆಸಿ. ಮಿಲ್ಲಿನ ಫಿಟ್ಟರು, ಎಲೆಕ್ಟ್ರಿಷಿಯನ್ನು ತಿಂಗಳಿಗೆ ಒಂದು ಸಂಜೆ ಶಾಲೆಗೆ ಕೊಟ್ಟರೆ ಸಡಿಲವಾದ ತಂತಿ, ಸುಟ್ಟ ಪ್ಲಗ್ಗು ಸರಿಯಾಗುತ್ತವೆ. ಆದರೆ ಇದು ನೆರೆಹೊರೆಯ ನೆರವು. ಸರಕಾರದ ಹೊಣೆಯನ್ನು ಇದು ಇಳಿಸುವುದಿಲ್ಲ. ರಾತ್ರಿ ಮೇಷ್ಟರಿಗೆ ಫೋನು ಮಾಡುವ ಮುನ್ನ, ನಿಮ್ಮ ಪಾಳಿ ಮುಗಿದ ಮೇಲೆ ಮೇಸ್ತ್ರಿ ಮನೆಗೆ ಬಂದು ಕರೆದರೆ ನಿಮಗೆ ಹೇಗಾಗುತ್ತದೆಂದು ಯೋಚಿಸಿ.

ಸರಕಾರದಿಂದ ನಾವು ಕೇಳುವುದು ನಾಲ್ಕು. ಕಂಪ್ಯೂಟರ್ ಇರುವ ಹಿರಿಯ ಪ್ರಾಥಮಿಕ ಶಾಲೆಗೆ ಅದನ್ನು ಕಲಿಸುವ ಹುದ್ದೆ ಇರಲಿ. ಒಂದು ಶಾಲೆ ಚಿಕ್ಕದಾದರೆ ಎರಡು ಮೂರು ಶಾಲೆಗೆ ಸೇರಿ ಇರಲಿ. ಯಂತ್ರ ಕೊಡುವ ದಿನವೇ ಅದರ ರಿಪೇರಿಯ ಹಣವನ್ನೂ ಕೊಡಲಿ. ಮಾಹಿತಿ ತುಂಬುವ ಕೆಲಸಕ್ಕೆ ಬೇರೆ ಆಳು ಇರಲಿ. ಸಂಜೆಯ ನಂತರದ ‘ತುರ್ತು’ ನಿಲ್ಲಲಿ.

ಆ ಉಪಾಧ್ಯಾಯಿನಿ ತಮ್ಮ ಅರ್ಜಿಯನ್ನು ಇನ್ನೂ ಕೊಟ್ಟಿಲ್ಲ. ಶಾಲಾ ಸಮಿತಿಯ ಮುಂದಿನ ಸಭೆಯವರೆಗೆ ಕಾಯುತ್ತೇನೆಂದಿದ್ದಾರೆ. ಆ ಸಭೆಗೆ ನಾವು ಹೋಗುತ್ತೇವೆ. ಆ ಕೇರಿಯ ತಂದೆ-ತಾಯಿಯರೂ ಬರಬೇಕು. ನಿಮ್ಮ ಮಕ್ಕಳ ಸಲುವಾಗಿ ಬೀಗ ತೆಗೆಯುವ ಕೈ ಅದು. ದಣಿದು ಕೆಳಗಿಳಿಯುವ ಮೊದಲು ಅದನ್ನು ಹಿಡಿಯೋಣ.