ದೇವರನ್ನು ಒಪ್ಪದವನಿಗೂ ಪಂಕ್ತಿಯಲ್ಲಿ ಜಾಗ

ಗುರು ಕುದುರೆಯ ಮೇಲೆ, ಶಿಷ್ಯ ಅವನ ಹಿಂದೆ ಕಾಲ್ನಡಿಗೆಯಲ್ಲಿ. ಅಂದು ಸಬ್ಬತ್, ಯಹೂದಿಗಳಿಗೆ ಸವಾರಿ ನಿಷಿದ್ಧವಾದ ದಿನ. ಗುರು ಎಲಿಶಾ ಬೆನ್ ಅಬೂಯಾ ನಂಬಿಕೆ ಬಿಟ್ಟವನು. ಯಹೂದಿ ಶಾಸ್ತ್ರಗ್ರಂಥ ತಾಲ್ಮುದ್ ಅವನನ್ನು ‘ಆಹೆರ್’, ಅಂದರೆ ‘ಬೇರೆಯವನು’ ಎಂದು ಕರೆಯುತ್ತದೆ. ಶಿಷ್ಯ ರಬ್ಬಿ ಮೇಯಿರ್, ಎರಡನೇ ಶತಮಾನದ ಮಹಾ ವಿದ್ವಾಂಸ. ದಾರಿಯುದ್ದಕ್ಕೂ ಪಾಠ ನಡೆದಿತ್ತು. ಒಂದು ಕಡೆ ಗುರು ಕುದುರೆ ನಿಲ್ಲಿಸಿ, ಇನ್ನು ಹಿಂದಿರುಗು ಎಂದ. ಸಬ್ಬತ್ ದಿನ ಊರಾಚೆ ನಡೆಯಬಹುದಾದ ದೂರ ಅಲ್ಲಿಗೆ ಮುಗಿದಿತ್ತು. ತಾನು ಪಾಲಿಸದ ನಿಯಮ ಶಿಷ್ಯನಿಗೆ ತಪ್ಪದಿರಲೆಂದು ಅವನು ಕುದುರೆಯ ಹೆಜ್ಜೆ ಎಣಿಸುತ್ತ ಬಂದಿದ್ದ.

ಮೇಯಿರ್ ಆ ಗುರುವನ್ನು ಬಿಡಲಿಲ್ಲ. ದಾಳಿಂಬೆಯ ಕಾಳು ತಿಂದು ಸಿಪ್ಪೆ ಎಸೆದ ಎಂದು ತಾಲ್ಮುದ್ ಈ ಶಿಷ್ಯನನ್ನು ಸಮರ್ಥಿಸುತ್ತದೆ.

ಶಾಸ್ತ್ರ ಮಾತ್ರ ಇಷ್ಟು ಮೃದುವಲ್ಲ. ಯಹೂದಿ ತಾಯಿಗೆ ಹುಟ್ಟಿದವನು ಯಹೂದಿಯೇ, ನಾಸ್ತಿಕನಾದರೂ ಅದು ಅಳಿಯುವುದಿಲ್ಲ. ಹಾಗೆಂದು ನಿಯಮದ ಹೊರೆಯೂ ಅವನ ಹೆಗಲಿನಿಂದ ಇಳಿಯುವುದಿಲ್ಲ. ದೇವರನ್ನು ನಿರಾಕರಿಸಿದವನಿಗೆ ಪರಲೋಕದಲ್ಲಿ ಪಾಲಿಲ್ಲ, ಬಹಿರಂಗವಾಗಿ ಸಬ್ಬತ್ ಮುರಿಯುವವನು ವಿಗ್ರಹಾರಾಧಕನಿಗೆ ಸಮಾನ ಎಂದು 12ನೇ ಶತಮಾನದ ಶಾಸ್ತ್ರಕಾರ ಮೈಮೊನಿಡಿಸ್ ಬರೆದ. ಅಂಥವನು ಮುಟ್ಟಿದ ವೈನನ್ನು ಕುಡಿಯಬಹುದೇ ಎಂಬುದು ಶತಮಾನಗಳ ಕಾಲ ನಿಜವಾದ ಪ್ರಶ್ನೆಯಾಗಿತ್ತು. 1656ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಯಹೂದಿ ಸಮುದಾಯ 23 ವರ್ಷದ ತತ್ವಜ್ಞಾನಿ ಸ್ಪಿನೋಜಾಗೆ ಬಹಿಷ್ಕಾರ ಹಾಕಿತು. ಅವನ ಜೊತೆ ಮಾತಾಡುವುದಕ್ಕೂ ಅವನ ಬರಹ ಓದುವುದಕ್ಕೂ ನಿಷೇಧ.

19ನೇ ಶತಮಾನದ ಜರ್ಮನಿಯಲ್ಲಿ ಈ ಕಟ್ಟಳೆ ಬದುಕಿನ ಎದುರು ಸೋತಿತು. ಶುಕ್ರವಾರ ರಾತ್ರಿ ಮನೆಯಲ್ಲಿ ವೈನ್ ಬಟ್ಟಲು ಹಿಡಿದು ಸಬ್ಬತ್ ಪ್ರಾರ್ಥನೆ ಹೇಳಿದವರೇ ಶನಿವಾರ ಕೆಲಸಕ್ಕೆ ಹೊರಡುತ್ತಿದ್ದರು. ಇವರನ್ನು ಹಳೆಯ ಧರ್ಮದ್ರೋಹಿಗಳ ಸಾಲಿಗೆ ಸೇರಿಸಲಾಗದು ಎಂದು ಆಲ್ಟೋನಾದ ರಬ್ಬಿ ಯಾಕೋಬ್ ಎಟ್ಲಿಂಗರ್ ವಾದಿಸಿದರು. ಅವರಿಗೆ ನೆರವಾದದ್ದು ತಾಲ್ಮುದಿನ ಒಂದು ಹಳೆಯ ಕಲ್ಪನೆ: ‘ಸೆರೆ ಸಿಕ್ಕ ಶಿಶು’. ಎಳವೆಯಲ್ಲೇ ಅನ್ಯರ ಕೈಸೇರಿ ಬೆಳೆದ ಮಗುವಿಗೆ ನಿಯಮವೇ ತಿಳಿಯದು, ಆದ್ದರಿಂದ ದ್ರೋಹದ ಆರೋಪವಿಲ್ಲ. ತಾಲ್ಮುದನ್ನೇ ಒಪ್ಪದ ಕರೈಟ್ ಪಂಥದವರ ಮಕ್ಕಳಿಗೆ ಮೈಮೊನಿಡಿಸ್ ಸಹ ಇದೇ ರಿಯಾಯಿತಿ ಕೊಟ್ಟಿದ್ದ. ಇಸ್ರೇಲಿನ ಬ್ನೇಯ್ ಬ್ರಾಕ್‌ನಲ್ಲಿದ್ದ ‘ಹಜೋನ್ ಈಶ್’ ಎಂಬ ಕಟ್ಟಾ ಸಂಪ್ರದಾಯಸ್ಥ ವಿದ್ವಾಂಸರೂ, ಈ ಕಾಲದಲ್ಲಿ ನಂಬಿಕೆ ಬಿಟ್ಟವರನ್ನು ಶಿಕ್ಷೆಯಿಂದಲ್ಲ, ಪ್ರೀತಿಯಿಂದಲೇ ಮರಳಿ ತರಬೇಕೆಂದರು.

ಈ ಉಪಾಯ ದ್ವೇಷ ತಗ್ಗಿಸಿತು, ಎಷ್ಟೋ ಕುಟುಂಬಗಳನ್ನು ಒಡೆಯದಂತೆ ಕಾಪಾಡಿತು. ಅದಕ್ಕೆ ಗೌರವ ಸಲ್ಲಲೇಬೇಕು. ಆದರೂ ಅದು ಪೂರ್ಣ ನ್ಯಾಯವಲ್ಲ. ಧರ್ಮಗ್ರಂಥ ಓದಿ, ವರ್ಷಗಟ್ಟಲೆ ಯೋಚಿಸಿ ದೇವರಿಲ್ಲ ಎಂದು ತೀರ್ಮಾನಿಸಿದವನನ್ನು ‘ಪಾಪ, ಮಗು, ತಿಳಿಯದು’ ಎನ್ನುವುದು ಕ್ಷಮೆಯಾಗಬಹುದು, ಮರ್ಯಾದೆಯಲ್ಲ. ಇಂಥವರು ಇಂದು ಬೆರಳೆಣಿಕೆಯ ಜನರೂ ಅಲ್ಲ. ಪ್ಯೂ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕ ಯಹೂದಿಗಳಲ್ಲಿ ಶೇ 27 ಮಂದಿ ತಮ್ಮ ಧರ್ಮ ಯಹೂದಿ ಧರ್ಮ ಎಂದು ಹೇಳಲಿಲ್ಲ. ಡೆಟ್ರಾಯಿಟ್ ಬಳಿ ರಬ್ಬಿ ಶೆರ್ವಿನ್ ವೈನ್ 1963ರಲ್ಲೇ ದೇವರ ಹೆಸರಿಲ್ಲದ ಯಹೂದಿ ಸಭೆಯೊಂದನ್ನು ಕಟ್ಟಿದ್ದರು. ಜನ ಅಲ್ಲಿ ಸೇರಿದ್ದು ಅಜ್ಞಾನದಿಂದಲ್ಲ.

ಇದಕ್ಕಿಂತ ಒಳ್ಳೆಯ ಉತ್ತರ ಯಹೂದಿ ಪರಂಪರೆಯೊಳಗೇ ಇದೆ. ಜೆರುಸಲೇಮಿನ ದೇವಾಲಯದ ಧೂಪದಲ್ಲಿ ಸುಗಂಧದ್ರವ್ಯಗಳ ಜೊತೆ ‘ಹೆಲ್ಬೆನಾ’ ಎಂಬ ಕೆಟ್ಟ ವಾಸನೆಯ ಅಂಟೂ ಬೀಳಬೇಕಿತ್ತು. ತಪ್ಪಿತಸ್ಥರನ್ನು ಹೊರಗಿಟ್ಟ ಉಪವಾಸ ಉಪವಾಸವೇ ಅಲ್ಲ ಎಂಬ ಪಾಠವನ್ನು ತಾಲ್ಮುದ್ ಅದರಿಂದ ತೆಗೆಯುತ್ತದೆ. ಇಲ್ಲಿಯೂ ನಾಸ್ತಿಕ ‘ತಪ್ಪಿತಸ್ಥ’ನೇ, ನಿಜ. ಆದರೆ ತನ್ನ ನಡೆಗೆ ತಾನೇ ಹೊಣೆಯಾದ ದೊಡ್ಡವನು, ಮಗುವಲ್ಲ. ಅವನಿಲ್ಲದೆ ಸಭೆ ಪೂರ್ತಿಯಾಗದು.

ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಹಿಂದಿನ ಸಂಜೆ ‘ಕೋಲ್ ನಿದ್ರೇ’ ಪ್ರಾರ್ಥನೆ ಆರಂಭವಾಗುವ ಮೊದಲು ಸಿನಗಾಗ್‌ಗಳಲ್ಲಿ ಒಂದು ಘೋಷಣೆ ಕೇಳುತ್ತದೆ. 13ನೇ ಶತಮಾನದ ರೋಥೆನ್‌ಬರ್ಗ್‌ನ ರಬ್ಬಿ ಮೇಯಿರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆ ಘೋಷಣೆ, ನಿಯಮ ಮುರಿದವರ ಜೊತೆ ಕೂಡಿ ಪ್ರಾರ್ಥಿಸಲು ಎಲ್ಲರಿಗೂ ಅನುಮತಿ ಕೊಡುತ್ತದೆ. ಅವರು ಏಕೆ ಮುರಿದರು ಎಂದು ಅದು ಕೇಳುವುದಿಲ್ಲ.