ಚುಕ್ಕಾಣಿ ಬೋಲ್ಟಿನ ತಲೆ ಓದಿ

ಬಯಲುನಾಡಿನ ಕುಪ್ಪೇಲೂರಿನವನಿಗೆ ಬೋಟಿನ ಬೋಲ್ಟಿನ ಉಸಾಬರಿ ಯಾಕೆ ಅಂತ ಕೇಳ್ತೀರಿ, ಗೊತ್ತು :) ನಮ್ಮ ತಾಲ್ಲೂಕಿನ ಅಂಚಿಗೆ ಹರಿಯೋ ತುಂಗಭದ್ರೆಯಲ್ಲಿ ನಾವು ಕಂಡದ್ದು ಹರಿಗೋಲು. ಅದಕ್ಕೆ ಚುಕ್ಕಾಣಿಯೂ ಇಲ್ಲ, ಬೋಲ್ಟೂ ಇಲ್ಲ. ಆದರೆ ಒಮ್ಮೆ ಮಲ್ಪೆ ಬಂದರಿನಲ್ಲಿ ಓಡಾಡಿ ನೋಡಿ, ನಮ್ಮ ಉತ್ತರ ಕರ್ನಾಟಕದ ಮಾತು ಎಷ್ಟು ಕಡೆ ಕಿವಿಗೆ ಬೀಳುತ್ತೆ ಅಂತ. ದುಡಿಯೋಕೆ ಹೋದ ನಮ್ಮ ಹುಡುಗರು ಆ ಬೋಟುಗಳ ಮೇಲಿದ್ದಾರೆ. ಹಾಗಾಗಿ ಇದು ನಮ್ಮ ವಿಷಯವೂ ಹೌದು.

ಬೇರೆ ಕಡೆ ಒಂದು ಬೋಲ್ಟು ಮುರಿದರೆ ಹೇಗೋ ಸುಧಾರಿಸಬಹುದು. ಅಳಿವೆ ಬಾಗಿಲಲ್ಲಿ ಚುಕ್ಕಾಣಿಯ ಬೋಲ್ಟು ಹೋದರೆ ಬೋಟು ಅಲೆಗೆ ಅಡ್ಡ ತಿರುಗುತ್ತೆ. ಆಮೇಲೆ ಎಂಜಿನ್ ಎಷ್ಟು ಜೋರಿದ್ದರೂ ಅಷ್ಟೇ.

ಬೋಲ್ಟು ಕೊಳ್ಳುವಾಗ ಜನ ಆಡೋದು ಎರಡೇ ಮಾತು. "ಎಸ್ಸೆಸ್ ಕೊಡಿ, ಜಂಗು ಹಿಡಿಯಲ್ಲ." ಇಲ್ಲಾ "ಹೈಟೆನ್ಸಿಲ್ ಕೊಡಿ, ಮುರಿಯಲ್ಲ." ನನ್ನ ಪ್ರಕಾರ ಎರಡೂ ಅರ್ಧಂಬರ್ಧ ಮಾತು.

ತಲೆ ಮೇಲೆ 8.8 ಅಂತ ಇರೋ ಹೈಟೆನ್ಸಿಲ್ ಬೋಲ್ಟು ನಮ್ಮ ಟ್ರ್ಯಾಕ್ಟರ್ ಟ್ರೇಲರಿಗೆ ಸರಿ. ಸಮುದ್ರದಲ್ಲಿ ಅದರ ಮೇಲಿನ ತೆಳು ಸತುವಿನ ಲೇಪ ಬಹಳ ದಿನ ಬಾಳಲ್ಲ. ಇನ್ನೂ ಗಟ್ಟಿ ಇರಲಿ ಅಂತ 12.9 ಹಾಕೋದು ಇನ್ನೂ ಕೆಟ್ಟದ್ದು. ಅಷ್ಟು ಗಡಸು ಉಕ್ಕಿಗೆ ತುಕ್ಕಿನ ಜೊತೆ ಹೈಡ್ರೋಜನ್ ಒಳಸೇರಿದರೆ, ಬಾಗದೆ, ಸೂಚನೆಯನ್ನೂ ಕೊಡದೆ ಪಟ್ಟಂತ ಸೀಳಿಬಿಡುತ್ತೆ.

ಇನ್ನು ಎಸ್ಸೆಸ್. ಅದರಲ್ಲೇ ಜಾತಿಗಳಿವೆ ಮಾರಾಯ್ರೆ! ತಲೆ ಮೇಲೆ ಎ2 ಅಂತಿದ್ದರೆ 304ರ ಬಳಗ, ಎ4 ಅಂತಿದ್ದರೆ 316ರ ಬಳಗ. 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತೆ. ಉಪ್ಪಿನ ಎದುರು ನಿಲ್ಲೋದು ಮುಖ್ಯವಾಗಿ ಅದರ ಬಲದಿಂದ. ಕೆಲವರು ಜೇಬಿನಲ್ಲಿ ಮ್ಯಾಗ್ನೆಟ್ ಇಟ್ಟುಕೊಂಡು ಪರೀಕ್ಷೆ ಮಾಡ್ತಾರೆ. ಅದರಿಂದ 304 ಯಾವುದು, 316 ಯಾವುದು ಅಂತ ಗೊತ್ತಾಗಲ್ಲ. ತಲೆ ಓದಬೇಕು. ಪಕ್ಕದ 70, 80 ಅನ್ನೋದು ಬಲ: 70 ಅಂದರೆ 700 ಮೆಗಾಪ್ಯಾಸ್ಕಲ್, 80 ಅಂದರೆ 800. ಅಂದರೆ ಎ4-80 ಬೋಲ್ಟು ಎಳೆತ ತಡೆಯೋದರಲ್ಲಿ 8.8ಕ್ಕೆ ಸಮ. ಬಾಗಲು ಶುರುವಾಗೋ ಹಂತದಲ್ಲಿ ಮಾತ್ರ ಸ್ವಲ್ಪ ಹಿಂದೆ, 640ರ ಬದಲು 600. ಚುಕ್ಕಾಣಿಗೆ ನನ್ನ ವೋಟು ಇದಕ್ಕೇ. ತಲೆ ಮೇಲೆ ಏನೂ ಬರೆದಿಲ್ಲ ಅಂದರೆ ಎಷ್ಟೇ ಹೊಳೆದರೂ ಬೇಡ.

ಎಸ್ಸೆಸ್ ಹೊಳಪಿಗೆ ಕಾರಣ ಮೇಲಿರೋ ಕ್ರೋಮಿಯಂ ಆಕ್ಸೈಡಿನ ಪದರ. ಅದು ಗೀಚಿಹೋದರೆ ಗಾಳಿ ಸೋಕಿದಾಗ ಮತ್ತೆ ಕಟ್ಟಿಕೊಳ್ಳುತ್ತೆ. ಮರದೊಳಗೆ, ಫೈಬರಿನೊಳಗೆ ಉಪ್ಪುನೀರು ನಿಂತರೆ ಅಲ್ಲಿ ಆಮ್ಲಜನಕ ಎಲ್ಲಿ ಬರಬೇಕು? ಹೊರಗೆ ತಲೆ ಫಳಫಳ, ಒಳಗೆ ಕುತ್ತಿಗೆ ಸವೆದು ಕಡ್ಡಿ. 316 ಕೂಡ ಇದಕ್ಕೆ ಪೂರ್ತಿ ಹೊರತಲ್ಲ, ತಡವಾಗಿ ಸೋಲುತ್ತೆ ಅಷ್ಟೇ. ಅದಕ್ಕೇ ತೂತಿಗೆ ಸೀಲೆಂಟ್ ಬೇಕು, ಬಿಚ್ಚಿ ನೋಡೋ ಅಭ್ಯಾಸವೂ ಬೇಕು.

ಹಿತ್ತಾಳೆ ಬೇಡವೇ ಬೇಡ. ಉಪ್ಪುನೀರಿನಲ್ಲಿ ಅದರ ಸತು ಕರಗಿ ಹೋಗಿ ಉಳಿದದ್ದು ಪುಡಿಪುಡಿ.

ಎಸ್ಸೆಸ್ ಮೇಲೆ ಎಸ್ಸೆಸ್ ನಟ್ಟು ಗನ್ನಿನಲ್ಲಿ ಭರ್ರಂತ ಏರಿಸಿದರೆ ಥ್ರೆಡ್ಡು ಕಚ್ಚಿಕೊಳ್ಳುತ್ತೆ. ಆಂಟಿಸೀಜ್ ಪೇಸ್ಟು ಹಚ್ಚಿ ನಿಧಾನಕ್ಕೆ ಕೈಯಲ್ಲೇ ತಿರುಗಿಸಿ. ಅಲ್ಯುಮಿನಿಯಂ ಬ್ರ್ಯಾಕೆಟ್ಟಿಗೆ ಎಸ್ಸೆಸ್ ಹಾಕಿದರೆ ತಿನ್ನಿಸಿಕೊಳ್ಳೋದು ಅಲ್ಯುಮಿನಿಯಂ, ಅಲ್ಲೂ ನಡುವೆ ಪೇಸ್ಟು ಬೇಕು. ಅಲುಗಾಟ ಇರೋ ಜಾಗಕ್ಕೆ ನೈಲಾಕ್ ನಟ್ಟು, ಅದೂ ಬಿಚ್ಚಿದಾಗಲೆಲ್ಲ ಹೊಸದು. ಔಟ್‌ಬೋರ್ಡ್ ಎಂಜಿನ್ನಿನ ಸ್ಟೇರಿಂಗ್ ರಾಡಿಗೆ ಮಾತ್ರ ಈ ಪಾಂಡಿತ್ಯ ಎಲ್ಲ ಬದಿಗಿಟ್ಟು, ಎಂಜಿನ್ ಕಂಪನಿ ಹೇಳಿದ ಬೋಲ್ಟನ್ನೇ ಹಾಕಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನದಲ್ಲಿ ಪೇಂಟು ಹೊಡೆಯೋಕೆ ಸಮಯ ಇದೆ, ಚುಕ್ಕಾಣಿಯ ಒಂದು ಬೋಲ್ಟು ಎಳೆದು ಕುತ್ತಿಗೆ ನೋಡೋಕೆ ಇರಲ್ಲವಾ?

ಕರಾವಳಿಯ ಬ್ಲಾಗ್ ಮಿತ್ರರೇ, ನಿಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ "ಎ4-80 ಕೊಡಿ" ಅಂದರೆ ಕೊಡ್ತಾರಾ, ಇಲ್ಲಾ ಮುಖ ನೋಡಿ ನಗ್ತಾರಾ? ತಿಳಿಸಿ.