ಎರಡು ದಾರಿಗೆ ಒಂದು ಮೋಟಾರು

ಕಳೆದ ತಿಂಗಳು ಒಂದು ಸಂಜೆ ಹಿಂದವಾಡಿಯ ನಮ್ಮ ನೆರೆಯ ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಮಗನು ಉದ್ಯಮಬಾಗದ ಕಾರಖಾನೆಯೊಂದರಲ್ಲಿ ಕೆಲಸಕ್ಕಿರುವನು. ಯಂತ್ರಗಳ ಗುಣದೋಷಗಳನ್ನು ಬಲ್ಲವನು. ಅವನಿಗೊಂದು ಮೋಟಾರು ಕೊಳ್ಳಬೇಕಾಗಿದೆ. ದಿನಾಲು ಕೆಲಸಕ್ಕೆ ಹೋಗಿಬರುವದು, ವಾರಕ್ಕೊಮ್ಮೆ ತಾಯಿಯನ್ನು ಖಾನಾಪುರದ ಅಜ್ಜಿಯ ಬಳಿಗೆ ಒಯ್ಯುವದು, ಇವು ಆ ಗಾಡಿಯ ನಿತ್ಯದ ಕೆಲಸಗಳು. ಅಜ್ಜಿಗೆ ಎದೆಯ ಬೇನೆಯುಂಟು. ಅವೇಳೆಯಲ್ಲಿ ಅವರನ್ನು ಬೆಳಗಾವಿಯ ಆಸ್ಪತ್ರೆಗೆ ಕರೆತರುವ ಪ್ರಸಂಗವು ಈಗಾಗಲೇ ಎರಡು ಸಲ ಬಂದುಹೋಗಿದೆ. ಇದರ ಹೊರತಾಗಿ, ವರ್ಷಕ್ಕೆ ಒಂದೆರಡು ಸಲ ಅದೇ ಗಾಡಿಯನ್ನು ರೇಸಿನ ಟ್ರ್ಯಾಕಿಗೆ ಒಯ್ದು ಮನಸ್ಸು ತಣಿಯುವಷ್ಟು ವೇಗದಿಂದ ಓಡಿಸಬೇಕೆಂಬುದು ಮಗನ ಆಸೆ. ಕೈಯಲ್ಲಿರುವ ಹಣವಾದರೋ ಹಳೆಯ ಗಾಡಿಗೆ ಮಾತ್ರ ಸಾಲುವಂಥದು.

"ಇವಗ ನೀವರೆ ನಾಲ್ಕು ಬುದ್ಧಿಮಾತು ಹೇಳ್ರಿ" ಎಂದು ತಂದೆಯವರು ಕುಳಿತರು. ಮಗನು, "ಕಾಕಾ, ಎಲ್ಲಾದಕಿಂತ ಹಳೇದು ಹಗುರ ಐತಿ, ತಿರುವಿನಾಗ ಚಲೋ ಹೋಗತೈತಿ. ಆಮ್ಯಾಲಿನ ಗಾಡಿಗೋಳು ಬರೇ ತೂಕ" ಎಂದು ತನ್ನ ಪಕ್ಷವನ್ನು ಮುಂದಿಟ್ಟನು.

ವೇಗದ ಆಸೆಯನ್ನು ನಾವು ದೋಷವೆಂದು ಎಣಿಸುವದಿಲ್ಲ. ಒಳ್ಳೆಯ ಯಂತ್ರವನ್ನು ಅದರ ಪೂರ್ಣ ಶಕ್ತಿಯಲ್ಲಿ ನಡೆಯಿಸಿ ನೋಡಬೇಕೆನ್ನುವದು, ಒಳ್ಳೆಯ ಎತ್ತನ್ನು ಕಟ್ಟಿ ಓಡಿಸಬೇಕೆನ್ನುವ ಒಕ್ಕಲಿಗನ ಆಸೆಯಂಥದೇ. ಅದನ್ನು ಸಾರ್ವಜನಿಕ ರಸ್ತೆಯ ಮೇಲೆ ತೀರಿಸಿಕೊಳ್ಳುವದು 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಅಪರಾಧ. ಟ್ರ್ಯಾಕಿನ ಮೇಲೆ ತೀರಿಸಿಕೊಳ್ಳುವೆನೆಂಬ ಹುಡುಗನು ವಿವೇಕಿಯೇ ಸರಿ. ಆದುದರಿಂದ ನಾವು ಬುದ್ಧಿಮಾತನ್ನು ಬದಿಗಿಟ್ಟು ಗಾಡಿಯ ವಿಚಾರವನ್ನೇ ಎತ್ತಿಕೊಂಡೆವು. ಇಂಥ ಪ್ರಶ್ನೆಯು ಇನ್ನೂ ಕೆಲವು ಮನೆಗಳಲ್ಲಿ ಎದ್ದಿರಬಹುದಾದ್ದರಿಂದ ಅಂದಿನ ಮಾತುಗಳನ್ನು ವಾಚಕರ ಮುಂದೆಯೂ ಇಡುತ್ತೇವೆ.

ಹೊರದೇಶಗಳಲ್ಲಿ ಈ ಚರ್ಚೆಯು ಎರಡು ಆಸನದ ವೇಗದ ಗಾಡಿಗಳ ಸುತ್ತ ನಡೆಯುವದು. ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5 ಎಂಬ ಗಾಡಿಯು 1989ರಲ್ಲಿ ಹುಟ್ಟಿ, 1998, 2005, 2015 ಈ ವರ್ಷಗಳಲ್ಲಿ ಹೊಸ ಹೊಸ ತಲೆಮಾರುಗಳನ್ನು ಕಂಡಿತು. ಅವುಗಳಲ್ಲಿ ಯಾವದು ನಿತ್ಯಕ್ಕೆ ಒಳಿತು, ಯಾವದು ಟ್ರ್ಯಾಕಿಗೆ ಒಳಿತು ಎಂದು ಅಲ್ಲಿಯವರು ಇಂದಿಗೂ ವಾದಿಸುತ್ತಾರೆ. ನಮ್ಮ ದೇಶದಲ್ಲಿ ಆ ಗಾಡಿಯನ್ನು ಕಂಪನಿಯು ಮಾರಲೇ ಇಲ್ಲ. ಬಳಸಿದ ಗಾಡಿಯನ್ನು ಹೊರಗಿನಿಂದ ತರಿಸೋಣವೆಂದರೆ, ಸಾಮಾನ್ಯ ನಿಯಮದ ಮೇರೆಗೆ ಅದು ಮೂರು ವರ್ಷಕ್ಕಿಂತ ಹಳೆಯದಿರಬಾರದು. ಸುಂಕವೂ ಗಾಡಿಯ ಬೆಲೆಯನ್ನು ಮೀರುವಷ್ಟು. ಹೀಗಾಗಿ ನಮ್ಮ ಕಡೆಯ ಸಾಮಾನ್ಯ ಗೃಹಸ್ಥನ ಪಾಲಿಗೆ ಹಳೆಯ ವೇಗದ ಗಾಡಿಯೆಂದರೆ ನಾಲ್ಕು ಬಾಗಿಲಿನ, ಒಳ್ಳೆಯ ಇಂಜಿನಿನ ಮನೆಯ ಗಾಡಿಯೇ. ನಮ್ಮ ಹುಡುಗನು ಕಣ್ಣಿಟ್ಟದ್ದೂ ಅಂಥದೊಂದರ ಮೇಲೆ. ಅದು ಹೋಂಡಾ ಸಿಟಿ.

ಈ ಗಾಡಿಯ ಮೊದಲನೆಯ ತಲೆಮಾರು ನಮ್ಮ ದೇಶಕ್ಕೆ 1998ರಲ್ಲಿ ಬಂದಿತು. 2000ದಲ್ಲಿ ಇದಕ್ಕೆ ವಿಟೆಕ್ ಎಂಬ ಇಂಜಿನನ್ನು ಕೂಡಿಸಿದರು. ಇಂಜಿನು ವೇಗವಾಗಿ ತಿರುಗುವಾಗ ಕವಾಟಗಳು ಹೆಚ್ಚು ತೆರೆದು ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುವ ವ್ಯವಸ್ಥೆಯಿದು. ಒಂದೂವರೆ ಲೀಟರಿನ ಆ ಇಂಜಿನು ಸುಮಾರು 106 ಅಶ್ವಶಕ್ತಿಯನ್ನು ಕೊಡುತ್ತಿದ್ದಿತು. ಗಾಡಿಯ ಮೈ ಹಗುರ, ನಿಲುವು ತಗ್ಗು. ಮದರಾಸು, ಕೊಯಮತ್ತೂರುಗಳ ಪಂದ್ಯಗಳಲ್ಲಿ ಇದನ್ನು ಬಹುಕಾಲ ಓಡಿಸಿದ್ದು ಸುಮ್ಮನೆ ಅಲ್ಲ.

ಎರಡನೆಯ ತಲೆಮಾರು 2003ರ ಕೊನೆಗೆ ಬಂದಿತು. ಇದರ ಮೈ ಎತ್ತರ. ಪೆಟ್ರೋಲಿನ ತೊಟ್ಟಿಯನ್ನು ಮುಂದಿನ ಆಸನಗಳ ಕೆಳಗೆ ಇಟ್ಟದ್ದರಿಂದ ಹಿಂದೆ ಕೂಡ್ರುವವರಿಗೆ ವಿಶಾಲವಾದ ಸ್ಥಳ. ಆರಂಭದ ಇಂಜಿನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡರಂತೆ ಎಂಟು ಸ್ಪಾರ್ಕ್ ಪ್ಲಗ್ಗುಗಳು. ಶಕ್ತಿ 77 ಮಾತ್ರ. ಪೆಟ್ರೋಲಿನ ಮಿತವ್ಯಯವೇ ಅದರ ಗುಣ. ಸುಮಾರು 100 ಅಶ್ವಶಕ್ತಿಯ ವಿಟೆಕ್ ಇಂಜಿನು ಇದಕ್ಕೆ ಆಮೇಲೆ ದೊರೆಯಿತು.

ಮೂರನೆಯದು 2008ರ ಕೊನೆಗೆ ಬಂದಿತು. 2014ರ ಆರಂಭದಲ್ಲಿ ಅದರ ಸ್ಥಾನಕ್ಕೆ ನಾಲ್ಕನೆಯದು ಬಂದಿತು. ಇದರ ಶಕ್ತಿ 118. ತೂಕವು ಹೆಚ್ಚು, ಆದರೆ ಬಂದಾಗಲೇ ಎರಡು ಏರ್‌ಬ್ಯಾಗುಗಳನ್ನೂ, ಬ್ರೇಕು ಒತ್ತಿದಾಗ ಗಾಲಿಯು ಬಿಗಿದು ಜಾರದಂತೆ ಕಾಯುವ ಎಬಿಎಸ್ ವ್ಯವಸ್ಥೆಯನ್ನೂ ಹೊತ್ತು ಬಂದಿತು.

ಟ್ರ್ಯಾಕೊಂದನ್ನೇ ನೋಡಿದರೆ ಹುಡುಗನ ಮಾತು ನಿಜ. ಹಗುರಾದ ಗಾಡಿಯು ಬೇಗ ತಿರುಗುವದು, ಬೇಗ ನಿಲ್ಲುವದು, ಟಾಯರನ್ನು ಕಡಿಮೆ ಸವೆಸುವದು. ಆದರೆ ಬೆಳಗಾವಿಯವನಿಗೆ ಟ್ರ್ಯಾಕು ಎಲ್ಲಿದೆ? ಮದರಾಸಿನ ಟ್ರ್ಯಾಕು ಶ್ರೀಪೆರಂಬುದೂರಿನ ಸಮೀಪ ಇರುಂಗಾಟ್ಟುಕೋಟೈಯಲ್ಲಿ 1990ರಲ್ಲಿ ಆರಂಭವಾದದ್ದು, ಸುಮಾರು 3.7 ಕಿಲೋಮೀಟರು ಉದ್ದದ್ದು. ಕೊಯಮತ್ತೂರಿನ ಹತ್ತಿರ ಎಸ್. ಕರಿವರ್ಧನರ ಹೆಸರನ್ನು ಹೊತ್ತ ಕರಿ ಸ್ಪೀಡ್‌ವೇ 2.1 ಕಿಲೋಮೀಟರಿನದು. ಬೆಂಗಳೂರಿನ ಮೇಲೆ ಹಾಯ್ದು ಹೋದರೆ ಇವೆರಡೂ ನಮ್ಮಿಂದ ಹೆಚ್ಚುಕಡಿಮೆ 850 ಕಿಲೋಮೀಟರು ದೂರ. ಕೊಯಮತ್ತೂರಿಗೆ ಹೋಗಿ ಒಂದು ದಿನದಲ್ಲಿ ನಲವತ್ತು ಸುತ್ತು ಹಾಕಿದನೆಂದು ಹಿಡಿಯಿರಿ. ಆದದ್ದು 84 ಕಿಲೋಮೀಟರು. ಅದಕ್ಕಾಗಿ ಹೋಗಿಬರುವ ದಾರಿ 1700 ಕಿಲೋಮೀಟರು. ಗಾಡಿಯನ್ನು ಲಾರಿಯ ಮೇಲೆ ಹೇರಿ ಕಳಿಸುವ ಅನುಕೂಲತೆಯಿಲ್ಲದವನಿಗೆ ಟ್ರ್ಯಾಕಿನ ಸುಖವೂ ಹೆದ್ದಾರಿಯ ಮೇಲಿಂದಲೇ ಬರಬೇಕು, ಹೆದ್ದಾರಿಯ ಮೇಲಿಂದಲೇ ಮರಳಬೇಕು.

ಈ ಲೆಕ್ಕವನ್ನು ಹೇಳಿ ನಾವು ಹುಡುಗನಿಗೆ ಒಂದು ಪ್ರಶ್ನೆ ಕೇಳಿದೆವು. "ತಮ್ಮಾ, ರವಿವಾರ ಟ್ರ್ಯಾಕಿನ ಮ್ಯಾಲೆ ಗಾಡಿ ಹ್ಯಾಂಗ ಓಡತೈತಿ ಅನ್ನೋದು ಹೇಳಿದಿ. ಮುಂದಿನ ವಾರ ಮಳಿಯೊಳಗ ಅಜ್ಜೀನ ಖಾನಾಪುರದಿಂದ ಹ್ಯಾಂಗ ಕರಕೊಂಡ ಬರತೈತಿ?" ಹುಡುಗನು ಸುಮ್ಮನಾದನು. ಎರಡು ದಾರಿಗೆ ಒಂದೇ ಮೋಟಾರನ್ನು ಆರಿಸುವವನಿಗೆ ನಮ್ಮ ಅಭಿಪ್ರಾಯದಲ್ಲಿ ಇದೊಂದೇ ಒರೆಗಲ್ಲು. ಟ್ರ್ಯಾಕಿನ ಗುಣವನ್ನು ನೋಡಿ ಗಾಡಿಯನ್ನು ಮೆಚ್ಚಬಹುದು. ಆದರೆ ಮರುದಿನದ ಗುಣವನ್ನು ನೋಡಿಯೇ ಕೊಳ್ಳಬೇಕು. ಟ್ರ್ಯಾಕಿನಲ್ಲಿ ಚಾಲಕನು ಹೆಲ್ಮೆಟ್ಟು ಧರಿಸಿ ಒಬ್ಬನೇ ಕೂಡ್ರುತ್ತಾನೆ. ಎದುರಿನಿಂದ ಬರುವ ಲಾರಿಯಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ. ಖಾನಾಪುರದ ಸುಮಾರು 26 ಕಿಲೋಮೀಟರಿನ ರಸ್ತೆಯ ಮೇಲೆ ಇವೆಲ್ಲವೂ ಉಂಟು. ಮೇಲಾಗಿ ಹಿಂದಿನ ಆಸನದಲ್ಲಿ ಮನೆಯವರುಂಟು.

ಈ ಒರೆಗಲ್ಲಿಗೆ ಮೂರೂ ತಲೆಮಾರುಗಳನ್ನು ಹಚ್ಚಿ ನೋಡೋಣ. ಮೊದಲನೆಯದರ ಇಂಜಿನಿನಲ್ಲಿ ಕವಾಟಗಳನ್ನು ನಡೆಯಿಸುವದು ರಬ್ಬರಿನ ಟೈಮಿಂಗ್ ಬೆಲ್ಟು. ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಅದನ್ನು ಬದಲಿಸಬೇಕು. ಓಡದೆ ನಿಂತ ಗಾಡಿಯಲ್ಲಿಯೂ ರಬ್ಬರಿಗೆ ಮುಪ್ಪು ಬರುವದು. ಅದು ಹರಿದರೆ ಗಾಡಿಯು ಇದ್ದಲ್ಲಿಯೇ ನಿಲ್ಲುವದು. ಕವಾಟಗಳು ಪಿಸ್ಟನ್ನಿಗೆ ಬಡಿದು ಇಂಜಿನೇ ಕೆಡುವ ಸಂಭವವೂ ಉಂಟು. ಮುಂದಿನ ಎರಡೂ ತಲೆಮಾರುಗಳಲ್ಲಿ ಬೆಲ್ಟಿಗೆ ಬದಲು ಉಕ್ಕಿನ ಸರಪಳಿಯಿದೆ. ಆದುದರಿಂದ ಮೊದಲನೆಯ ತಲೆಮಾರಿನ ಗಾಡಿಯನ್ನು ನೋಡಹೋಗುವವನು ಬಣ್ಣವನ್ನೂ ಸದ್ದನ್ನೂ ಮೆಚ್ಚುವ ಮೊದಲು, ಬೆಲ್ಟು ಬದಲಿಸಿದ ರಸೀದಿಯನ್ನು ಕೇಳತಕ್ಕದ್ದು. ರಸೀದಿಯಿಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳತಕ್ಕದ್ದು.

ಎರಡನೆಯದಾಗಿ ರಕ್ಷಣೆಯ ವಿಚಾರ. ಹೊಸ ಗಾಡಿಗಳಲ್ಲಿ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗುಗಳನ್ನು ನಮ್ಮ ಸರಕಾರವು ಕಡ್ಡಾಯ ಮಾಡಿದ್ದು 2019ರಲ್ಲಿ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಇವು ಇರಬಹುದು, ಇಲ್ಲದಿರಬಹುದು. ಒಂದೇ ತಲೆಮಾರಿನಲ್ಲಿಯೂ ಅಗ್ಗದ ಮಾದರಿಗೂ ತುಟ್ಟಿಯದಕ್ಕೂ ಭೇದವಿರುವದು. ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಇದ್ದರೂ ಇನ್ನೊಂದು ವಿಚಾರಣೆ ಉಳಿಯುವದು. ತಕಾಟಾ ಎಂಬ ಜಪಾನಿ ಕಂಪನಿಯು ಮಾಡಿದ, ಏರ್‌ಬ್ಯಾಗನ್ನು ಉಬ್ಬಿಸುವ ಸಾಧನವು ಉಷ್ಣಕ್ಕೂ ತೇವಕ್ಕೂ ವರ್ಷಾನುಗಟ್ಟಲೆ ಸಿಕ್ಕರೆ ಕೆಟ್ಟು, ಅಪಘಾತದಲ್ಲಿ ಲೋಹದ ಚೂರುಗಳನ್ನು ಸಿಡಿಸಬಲ್ಲದೆಂದು ಗೊತ್ತಾದದ್ದರಿಂದ, ಅನೇಕ ಕಂಪನಿಗಳು ಜಗತ್ತಿನಾದ್ಯಂತ ಗಾಡಿಗಳನ್ನು ಮರಳಿ ಕರೆಯಿಸಿ ಅದನ್ನು ಪುಕ್ಕಟೆ ಬದಲಿಸಿದವು. ಸಿಟಿ ಗಾಡಿಗಳೂ ಆ ಪಟ್ಟಿಯಲ್ಲಿದ್ದವು. ಗಾಡಿಯ ಚಾಸಿಯ ಸಂಖ್ಯೆಯನ್ನು ಕೊಟ್ಟು, ಈ ಕೆಲಸವಾಗಿದೆಯೇ ಎಂದು ಕಂಪನಿಯಲ್ಲಿ ಕೇಳದೆ ಮುಂಗಡ ಹಣವನ್ನು ಕೊಡಬಾರದು.

ಮೂರನೆಯದು ಬ್ರೇಕು ಮತ್ತು ಟಾಯರು. ಯಾವ ತಲೆಮಾರನ್ನು ಕೊಂಡರೂ ಇದು ತಪ್ಪದು. 1100 ಕಿಲೋ ತೂಕದ ಗಾಡಿಯನ್ನು ತಾಸಿಗೆ 120ರ ವೇಗದಿಂದ 60ಕ್ಕೆ ಒಮ್ಮೆ ಇಳಿಸಿದರೆ ಹುಟ್ಟುವ ಉಷ್ಣವು, ಒಂದೂವರೆ ಲೀಟರು ನೀರನ್ನು ಕುದಿಯುವ ಹದಕ್ಕೆ ತರುವಷ್ಟು. ಟ್ರ್ಯಾಕಿನ ಪ್ರತಿಯೊಂದು ದೊಡ್ಡ ತಿರುವಿನಲ್ಲಿಯೂ ಹೀಗೆ ಒಂದು ತಪೇಲಿ ನೀರು ಕಾದಂತೆ. ಈ ಉಷ್ಣವು ಬ್ರೇಕ್ ಆಯಿಲ್‌ಗೆ ಮುಟ್ಟುವದು. ಡಾಟ್-3 ಎಂಬ ಸಾಮಾನ್ಯ ಆಯಿಲ್ ಹೊಸದಿದ್ದಾಗ 205 ಡಿಗ್ರಿಯ ವರೆಗೆ ಕುದಿಯದು; ತೇವವನ್ನು ಹೀರಿಕೊಂಡ ಮೇಲೆ 140ಕ್ಕೇ ಕುದಿಯಬಹುದು. ಡಾಟ್-4ರ ಅಂಕಿಗಳು 230 ಮತ್ತು 155. ಕುದಿದರೆ ನಳಿಗೆಯಲ್ಲಿ ಆವಿ ತುಂಬಿ, ಕಾಲಿನ ಕೆಳಗಿನ ಪೆಡಲು ಸುಮ್ಮನೆ ಒಳಗೆ ಹೋಗುವದು, ಗಾಡಿ ನಿಲ್ಲದು. ನಮ್ಮ ಮಳೆಗಾಲವು ಈ ಆಯಿಲ್‌ಗೆ ಶತ್ರು. ಎರಡು ವರ್ಷಕ್ಕೊಮ್ಮೆ ಬದಲಿಸುವದು ವಾಡಿಕೆ. ಟ್ರ್ಯಾಕಿಗೆ ಹೋಗುವವನು ಹೋಗುವ ಮುಂಚೆ ಪ್ರತಿಸಲವೂ ಬದಲಿಸಬೇಕು. ಟಾಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 1519 ಎಂದಿದ್ದರೆ ಅದು 2019ರ 15ನೆಯ ವಾರದಲ್ಲಿ ಹುಟ್ಟಿದ್ದೆಂದು ಅರ್ಥ. ಗೀರುಗಳು ಆಳವಾಗಿದ್ದರೂ ಮುದಿಯಾದ ರಬ್ಬರು ಮಳೆಯಲ್ಲಿ ರಸ್ತೆಯನ್ನು ಹಿಡಿಯದು.

ಟ್ರ್ಯಾಕಿನ ಸಲುವಾಗಿ ಗಾಡಿಯೊಳಗೆ ಕಬ್ಬಿಣದ ಕೊಳವೆಯ ಪಂಜರವನ್ನು ಕೂಡ್ರಿಸುವೆನೆಂದು ಹುಡುಗನು ಹೇಳಿದನು. ಹೆಲ್ಮೆಟ್ಟು ಧರಿಸಿದವನನ್ನು ಕಾಯುವ ಆ ಕೊಳವೆಯೇ, ಬರಿದಲೆಯ ತಾಯಿಯನ್ನೋ ಅಜ್ಜಿಯನ್ನೋ ಸಣ್ಣ ಅಪಘಾತದಲ್ಲಿಯೂ ಘಾಸಿ ಮಾಡಬಲ್ಲದು. ಅಲ್ಲದೆ ಗಾಡಿಯ ಮೂಲರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸಲು ಕಾಯಿದೆಯ 52ನೆಯ ಕಲಮು ಅವಕಾಶ ಕೊಡುವದಿಲ್ಲ. ಒಂದು ದಾರಿಯ ರಕ್ಷಣೆಯು ಇನ್ನೊಂದು ದಾರಿಯ ಅಪಾಯವಾಗುವದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಕಾಗದಪತ್ರಗಳ ಖರ್ಚನ್ನೂ ಮರೆಯಬಾರದು. ಖಾಸಗಿ ಗಾಡಿಯ ನೋಂದಣಿಯು 15 ವರ್ಷಕ್ಕೆ ತೀರುವದು. ಆಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕವು 2022ರ ಏಪ್ರಿಲಿನಿಂದ 5000 ಆಯಿತು. 20 ವರ್ಷ ಮೀರಿದ ಗಾಡಿಗಳಿಗೆ 2025ರಲ್ಲಿ ಇನ್ನೂ ಏರಿತು. ಮೊದಲನೆಯ ತಲೆಮಾರಿನ ಗಾಡಿಗಳೆಲ್ಲ ಇಪ್ಪತ್ತನ್ನು ದಾಟಿದವೇ. 2012, 2013ರ ಗಾಡಿಗಳಿಗಾದರೋ ಮೊದಲ ಅವಧಿಯೇ ಮುಗಿದಿಲ್ಲ. ವಿಮೆಯ ಮಾತು ಇನ್ನೂ ಮುಖ್ಯವಾದದ್ದು. ಸಾಮಾನ್ಯ ಮೋಟಾರು ವಿಮೆಯು ಪಂದ್ಯ, ವೇಗಪರೀಕ್ಷೆ ಮುಂತಾದವುಗಳಲ್ಲಿ ಆದ ಹಾನಿಗೆ ಹಣ ಕೊಡುವದಿಲ್ಲ. ಟ್ರ್ಯಾಕಿನಲ್ಲಿ ಗೋಡೆಗೆ ಬಡಿದ ಗಾಡಿಯು ಪೂರಾ ಮಾಲಿಕನ ಹಾನಿಯೇ. ಆದುದರಿಂದ ನಾವು ಹುಡುಗನಿಗೆ, "ಕಳಕೊಂಡರ ನಾಳೆ ಮನಿ ನಡೀತೈತೇನು, ಅದನ್ನ ಲೆಕ್ಕಾ ಹಾಕು" ಎಂದೆವು. ಇನ್ನು ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲು ಬರುತ್ತಿದೆ. ಹಳೆಯ ಗಾಡಿಗಳು ಇದನ್ನು ಗಣಿಸಿ ರಚಿತವಾದವುಗಳಲ್ಲ. ಅವುಗಳ ರಬ್ಬರಿನ ನಳಿಗೆಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯವು ವಾಚಕರಿಗೆ ತಿಳಿದೇ ಇರುವದು. ಮನೆಯಲ್ಲಿ ನಿತ್ಯಕ್ಕೆ ಬೇರೊಂದು ಗಾಡಿಯಿದ್ದು, ಬಿಡುವಿನಲ್ಲಿ ಕೈ ಕೆಸರು ಮಾಡಿಕೊಳ್ಳುವ ಉಮೇದಿದ್ದವನು ಮೊದಲನೆಯ ತಲೆಮಾರನ್ನು ಕೊಳ್ಳಲಿ. ಅದರಷ್ಟು ಹುರುಪಿನ ಗಾಡಿ ಆ ಬೆಲೆಗೆ ಸಿಕ್ಕುವದು ಕಠಿಣ. ವೇಗದ ಹಂಬಲ ಕಡಿಮೆಯಿದ್ದು, ಮುಪ್ಪಿನವರನ್ನು ಹತ್ತಿಸಿ ಇಳಿಸುವದೇ ಮುಖ್ಯವಾದವನಿಗೆ ಎತ್ತರದ ಎರಡನೆಯದು ಸಾಕು. ಒಂದೇ ಗಾಡಿಯು ಎರಡೂ ದಾರಿ ನಡೆಯಬೇಕೆನ್ನುವವನು ಮೂರನೆಯದರ ಕೊನೆಯ ವರ್ಷಗಳ, ಚೆನ್ನಾಗಿ ನೋಡಿಕೊಂಡ ಗಾಡಿಯನ್ನು ಹುಡುಕಲಿ. ಕೈಯಲ್ಲಿರುವ ಹಣದಲ್ಲಿ ಐದರಲ್ಲೊಂದು ಪಾಲನ್ನು ಬ್ರೇಕಿಗೂ ಟಾಯರಿಗೂ ಮೊದಲೇ ತೆಗೆದಿಡಲಿ. ತಲೆಮಾರು ಯಾವದೇ ಇರಲಿ, ಕೆಟ್ಟ ಹೊಸದಕ್ಕಿಂತ ಚೊಕ್ಕ ಹಳೆಯದು ಲೇಸೆಂಬುದನ್ನು ಮಾತ್ರ ಮರೆಯಬಾರದು.

ಹದಿನೈದು ದಿವಸಗಳ ತರುವಾಯ ಹುಡುಗನು ತಾನಾಗಿಯೇ ಬಂದನು. ತಾನು ಮೆಚ್ಚಿದ್ದ 2001ರ ಗಾಡಿಯ ಮುಚ್ಚಳವನ್ನು ಬಿಚ್ಚಿಸಿ ನೋಡಿದ್ದನಂತೆ. ಬೆಲ್ಟಿನ ಮೇಲೆ ಬಿರುಕುಗಳು. ರಸೀದಿ ಒಂದೂ ಇಲ್ಲ. ಅದನ್ನು ಬಿಟ್ಟು 2012ರದೊಂದನ್ನು ಗೊತ್ತುಮಾಡಿಕೊಂಡಿದ್ದನು. ಏರ್‌ಬ್ಯಾಗಿನ ಕೆಲಸವಾದದ್ದನ್ನು ಕಂಪನಿಯಲ್ಲಿ ಖಾತ್ರಿ ಮಾಡಿಕೊಂಡಿದ್ದನು. "ಆ ಹಳೇ ಗಾಡಿ ಸದ್ದು ಇನ್ನೂ ಕಿವಿಯೊಳಗ ಐತಿ ಕಾಕಾ" ಎಂದು ಸ್ವಲ್ಪ ಬೇಸರದಿಂದಲೇ ಹೇಳಿದನು. ಆ ಬೇಸರವನ್ನು ನಾವು ಅಲ್ಲಗಳೆಯಲಿಲ್ಲ. ಮೆಚ್ಚಿದ್ದನ್ನು ಮನೆಯವರ ಸಲುವಾಗಿ ಬಿಟ್ಟವನಿಗೆ ಅಷ್ಟು ಬೇಸರದ ಅಧಿಕಾರವಿದೆ. ಕಳೆದ ವಾರ ಮಳೆಯಲ್ಲಿ ಅದೇ ಗಾಡಿಯಲ್ಲಿ ಅಜ್ಜಿಯನ್ನು ಖಾನಾಪುರದಿಂದ ಕರೆತಂದರೆಂದು ಅವನ ತಂದೆಯವರು ಹೇಳಿದರು. ಮಳೆಗಾಲ ತೀರಿದ ಮೇಲೆ ಹುಡುಗನು ಕೊಯಮತ್ತೂರಿಗೆ ಹೋಗುವವನಿದ್ದಾನೆ. ಬ್ರೇಕ್ ಆಯಿಲ್ ಬದಲಿಸಿಕೊಂಡೇ ಹೋಗುವೆನೆಂದು ನಮಗೆ ಮಾತು ಕೊಟ್ಟಿದ್ದಾನೆ.